ಮೂರೆಲೆಯ ಗಿಡ ಕಳೆಯಾದ ಕಥೆ

ಶಿರಾದ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಕೊಂಡಿರುವ ನಿವೃತ್ತ ಅಧ್ಯಾಪಕ ಮಿತ್ರರೊಬ್ಬರು ಮನೆಯ ಮುಂದೆ 15 ಅಡಿ ಉದ್ದಗಲದ ಒಂದು ಹುಲ್ಲುಹಾಸು ಬೆಳೆಸಿದ್ದಾರೆ. ಬೋರ್‌ವೆಲ್ ನೀರು ಹಾಯಿಸಿ, ಮಗುವಿನಂತೆ ಸಾಕಿದ ಹುಲ್ಲು. ಕಳೆದ ಮಳೆಗಾಲದಲ್ಲಿ ಆ ಹುಲ್ಲಿನ ನಡುವೆ ಮೂರು ಮೂರು ಎಲೆಯ ಪುಟ್ಟ ಬಳ್ಳಿಯೊಂದು ಹಬ್ಬಿತು. ಮಿತ್ರರಿಗೆ ನಿದ್ದೆ ಹತ್ತದಾಯಿತು. ನಾನು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಇದಕ್ಕೆ ಯಾವ ಔಷಧಿ ಹೊಡೆಯಬೇಕು ಸಾರ್?’ ಜಗುಲಿಯ ಮೇಲೆ ಕುಳಿತಿದ್ದ ಅವರ ತಾಯಿ, ಮಧುಗಿರಿ ಸೀಮೆಯ ಹಳ್ಳಿಯಲ್ಲಿ ಜೀವಮಾನವಿಡೀ ಹೊಲ ಮಾಡಿದವರು, ಅಲ್ಲಿಂದಲೇ ಅಂದರು: ‘ಅದೇನು ಮಾಡೀತು ಬಿಡಪ್ಪ, ಹಸಿರಾಗೇ ಐತಲ್ಲ.’

ತಾಯಿ ಮಗನ ಈ ಭಿನ್ನಾಭಿಪ್ರಾಯದ ಹಿಂದೆ ಒಂದು ದೊಡ್ಡ ಇತಿಹಾಸವಿದೆ. ಹುಲ್ಲಿನ ನಡುವೆ ಬೆಳೆಯುವ ಮೂರೆಲೆಯ ಗಿಡವನ್ನು ಒಂದು ಕಾಲದಲ್ಲಿ ಚಕ್ರವರ್ತಿಗಳು ಬೇಕೆಂದೇ ಬೆಳೆಸುತ್ತಿದ್ದರು. ಇಂಗ್ಲೆಂಡು, ಅಮೆರಿಕಗಳಲ್ಲಿ ಹುಲ್ಲಿನ ಬೀಜದ ಜೊತೆಗೇ ಅದರ ಬೀಜವನ್ನೂ ಬೆರೆಸಿ ಮಾರುತ್ತಿದ್ದರು. ಹಾಗಿದ್ದ ಗಿಡ ಕಳೆಯಾದದ್ದು ಯಾವಾಗ? ಆದದ್ದು ಯಾರ ತೀರ್ಮಾನದಿಂದ? ಸ್ವಾರಸ್ಯವೆಂದರೆ, ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೊರಟರೆ ದಾರಿ ಶಿರಾ ಪಟ್ಟಣದ ಮೂಲಕವೇ ಹಾದುಹೋಗುತ್ತದೆ.

ಬಾಬರನ ತೋಟ

ಮೊಗಲ್ ಸಾಮ್ರಾಜ್ಯದ ಸ್ಥಾಪಕ ಬಾಬರ್ ಯುದ್ಧಪ್ರಿಯನಾಗಿದ್ದಷ್ಟೇ ತೋಟಪ್ರಿಯನೂ ಆಗಿದ್ದ. ಹಿಂದೂಸ್ತಾನಕ್ಕೆ ಬರುವ ಎಷ್ಟೋ ಮೊದಲು, 1508-09ರ ಸುಮಾರಿನಲ್ಲಿ, ಇಂದಿನ ಆಫ್ಘಾನಿಸ್ತಾನದ ಜಲಾಲಾಬಾದಿನ ಬಳಿ ಅವನು ‘ಬಾಗ್-ಎ-ವಫಾ’ ಎಂಬ ತೋಟವನ್ನು ಹಾಕಿಸಿದ. ತನ್ನ ಆತ್ಮಕಥೆಯಲ್ಲಿ ಅದನ್ನು ವರ್ಣಿಸುವಾಗ ಅವನು ಒಂದು ಮೂಲೆಯ ಬಗ್ಗೆ ವಿಶೇಷವಾಗಿ ಹೇಳುತ್ತಾನೆ. ಅಲ್ಲೊಂದು ಚೌಕಾಕಾರದ ಕೊಳ. ಕೊಳದ ಸುತ್ತ ಕಿತ್ತಳೆಯ ಮರಗಳು, ಕೆಲವು ದಾಳಿಂಬೆ ಗಿಡಗಳು. ಅವೆಲ್ಲವನ್ನೂ ಬಳಸಿಕೊಂಡು ಮೂರೆಲೆಯ ಗಿಡದ ಹಸಿರು ಹಾಸು. ಇಡೀ ತೋಟದಲ್ಲಿ ಅತ್ಯುತ್ತಮವಾದ ಭಾಗ ಅದೇ ಎಂದು ಬಾಬರನ ಅಭಿಪ್ರಾಯ. ಕಿತ್ತಳೆ ಹಣ್ಣು ಬಣ್ಣಕ್ಕೆ ತಿರುಗಿದಾಗ ಆ ಹಸಿರಿನ ಮೇಲೆ ಅದು ಕಾಣುವ ಚೆಂದವನ್ನು ಅವನು ಮನಸಾರೆ ಮೆಚ್ಚಿಕೊಳ್ಳುತ್ತಾನೆ.

ಇಲ್ಲಿ ಹೇಳಿರುವ ಮೂರೆಲೆಯ ಗಿಡ ಕ್ಲೋವರ್ ಜಾತಿಗೆ ಸೇರಿದ್ದು. ಕ್ಲೋವರ್ ಎಂದರೆ ನಮ್ಮ ಮೆಂತ್ಯದ ಹತ್ತಿರದ ನೆಂಟ. ಮೆಂತ್ಯದ ಸೊಪ್ಪನ್ನು ಬಿಡಿಸುವಾಗ ಗಮನಿಸಿದವರಿಗೆ ಗೊತ್ತು, ಒಂದು ತೊಟ್ಟಿಗೆ ಮೂರು ಎಲೆ. ಕ್ಲೋವರ್ ಕೂಡ ಹಾಗೆಯೇ. ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಬಿಳಿಯ ಇಲ್ಲವೆ ನಸುಗೆಂಪಿನ ಚೆಂಡುಹೂ ಬಿಡುತ್ತದೆ. ಹೂವಿಗೆ ಜೇನು ಮುತ್ತುತ್ತದೆ. ತಂಪು ಸೀಮೆಯ ಗಿಡವಾದ್ದರಿಂದ ಕಾಶ್ಮೀರದಲ್ಲಿ, ಊಟಿಯ ಬೆಟ್ಟಗಳಲ್ಲಿ ಬದುಕುತ್ತದೆ. ಪಾವಗಡದ ಬಿಸಿಲಿಗೆ ಬಾಳುವುದಿಲ್ಲ.

1526ರಲ್ಲಿ ಪಾಣಿಪತ್ ಗೆದ್ದು ಆಗ್ರಾಕ್ಕೆ ಬಂದ ಬಾಬರನಿಗೆ ಈ ನಾಡಿನ ಬಗ್ಗೆ ಇದ್ದ ದೊಡ್ಡ ಅಸಮಾಧಾನವೆಂದರೆ ಹರಿಯುವ ನೀರಿನ ತೋಟಗಳಿಲ್ಲ ಎಂಬುದು. ಯಮುನೆಯ ದಡದಲ್ಲಿ ಅವನು ಹೊಸ ತೋಟಗಳನ್ನು ಹಾಕಿಸಿದ. ನೆಲವನ್ನು ನಾಲ್ಕು ಚೌಕವಾಗಿ ಭಾಗಿಸಿ, ನಡುವೆ ನೀರಿನ ಕಾಲುವೆ ಹರಿಸುವ ಈ ಪದ್ಧತಿಗೆ ಚಾರ್‌ಬಾಗ್ ಎಂದು ಹೆಸರು. ಅವನ ವಂಶದವರು ಎಲ್ಲಿ ಹೋದರೂ ಈ ನಕ್ಷೆ ಅವರ ಹಿಂದೆಯೇ ಹೋಯಿತು.

ಶಿರಾದಿಂದ ಲಾಲ್‌ಬಾಗಿಗೆ

ಹಾಗೆ ಹೋಗಿ ದಕ್ಷಿಣದ ತುದಿಯಲ್ಲಿ ಅದು ನಿಂತ ಜಾಗವೇ ಶಿರಾ. ರತ್ನಗಿರಿಯ ಪಾಳೆಯಗಾರ ಕಸ್ತೂರಿ ರಂಗಪ್ಪನಾಯಕ ಇಲ್ಲಿ ಕೋಟೆ ಕಟ್ಟಲು ತೊಡಗಿದ. ಅದು ಮುಗಿಯುವ ಮುನ್ನವೇ ಬಿಜಾಪುರದವರು ಗೆದ್ದುಕೊಂಡರು. ಅವರ ಸುಬೇದಾರ ಮಲಿಕ್ ರಿಹಾನನ ಸಮಾಧಿ ಶಿರಾದಲ್ಲಿ ಇಂದಿಗೂ ಇದೆ. 1687ರಲ್ಲಿ ಔರಂಗಜೇಬನ ಸೇನೆ ಈ ಪ್ರದೇಶವನ್ನು ವಶಪಡಿಸಿಕೊಂಡಿತು. ಶಿರಾ ಒಂದು ಸುಬಾದ ರಾಜಧಾನಿಯಾಯಿತು. ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಬಸವಾಪಟ್ಟಣ, ಬೂದಿಹಾಳುಗಳೆಲ್ಲ ಇದರ ಆಡಳಿತಕ್ಕೆ ಸೇರಿದ್ದವು. 1696ರಲ್ಲಿ ಕಟ್ಟಿದ ಜುಮ್ಮಾ ಮಸೀದಿ ಆ ಕಾಲದ ಕುರುಹು.

ಹದಿನೆಂಟನೆಯ ಶತಮಾನದ ಎರಡನೆಯ ಕಾಲುಭಾಗದಲ್ಲಿ ದಿಲಾವರ್ ಖಾನನ ಆಳ್ವಿಕೆ ಶಿರಾದ ವೈಭವದ ಕಾಲ. ಅವನು ಕಟ್ಟಿಸಿದ ಅರಮನೆಯನ್ನು ಮಾದರಿಯಾಗಿಟ್ಟುಕೊಂಡೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳನ್ನು ಕಟ್ಟಲಾಯಿತೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಶಿರಾದಲ್ಲಿದ್ದ ‘ಖಾನ್‌ಬಾಗ್’ ಎಂಬ ತೋಟವೇ ಬೆಂಗಳೂರಿನ ಲಾಲ್‌ಬಾಗಿಗೆ ಪ್ರೇರಣೆ ಎಂಬುದೂ ಬಹುಕಾಲದಿಂದ ನಡೆದುಬಂದಿರುವ ಮಾತು. ಇದರಲ್ಲಿ ಅಚ್ಚರಿಯೇನೂ ಇಲ್ಲ. ಹೈದರಾಲಿಯ ತಂದೆ ಫತೇ ಮಹಮ್ಮದ್ ಶಿರಾದ ಸುಬೇದಾರರ ಸೇವೆಯಲ್ಲಿದ್ದವನು. ಹೈದರನಿಗೆ ಶಿರಾ ಹೊಸ ಊರಲ್ಲ. 1760ರಲ್ಲಿ ಲಾಲ್‌ಬಾಗಿನ ಕೆಲಸ ಆರಂಭವಾಯಿತು. ಮರುವರ್ಷ ಶಿರಾವೂ ಅವನ ಕೈಸೇರಿ, ಶಿರಾದ ನವಾಬನೆಂಬ ಬಿರುದೂ ಬಂತು. ಮುಂದೆ ಟಿಪ್ಪು ಶಿರಾದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಬಲವಂತವಾಗಿ ಸಾಗಿಸಿದನೆಂದು ಅದೇ ಗೆಜೆಟಿಯರ್ ದಾಖಲಿಸುತ್ತದೆ. ಜನ ಹೋದ ಮೇಲೆ ತೋಟಕ್ಕೆ ನೀರೆರೆಯುವವರು ಯಾರು? ಶಿರಾದ ವೈಭವ ಅಲ್ಲಿಗೆ ಮುಗಿಯಿತು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಲಾಲ್‌ಬಾಗನ್ನು ನೋಡಿದ. ಕಾಲುದಾರಿಗಳಿಂದ ಬೇರ್ಪಟ್ಟ ಚೌಕಗಳು, ದಾರಿಯ ಬದಿಗೆ ಸೈಪ್ರೆಸ್ ಮರಗಳು, ಒಂದೊಂದು ಚೌಕದಲ್ಲಿ ಒಂದೊಂದು ಬಗೆಯ ಗಿಡ. ನಾವು ಇಂದು ಉದ್ಯಾನವೆಂದರೆ ಕಲ್ಪಿಸಿಕೊಳ್ಳುವ ವಿಶಾಲವಾದ, ಒಂದೇ ಎತ್ತರಕ್ಕೆ ಕತ್ತರಿಸಿದ ಹುಲ್ಲುಹಾಸು ಆ ತೋಟದ ಜೀವಾಳವಾಗಿರಲಿಲ್ಲ. ಅದು ಬಂದದ್ದು ಇನ್ನೊಂದು ದಿಕ್ಕಿನಿಂದ.

ಸಾಹೇಬರ ಹುಲ್ಲು, ಯುದ್ಧದ ಔಷಧಿ

ಇಂಗ್ಲೆಂಡಿನಲ್ಲಿ ಮೋಡ ಕವಿದ ಆಕಾಶ, ಸದಾ ತುಂತುರು ಮಳೆ. ಅಲ್ಲಿ ಹುಲ್ಲು ತಾನಾಗಿ ಬೆಳೆಯುತ್ತದೆ. ಅದನ್ನು ಕುರಿಗಳು ಮೇಯ್ದು, ಆಳುಗಳು ಕುಡುಗೋಲಿನಿಂದ ಸವರಿ ಸಮ ಮಾಡುತ್ತಿದ್ದರು. 1830ರಲ್ಲಿ ಎಡ್ವಿನ್ ಬಡಿಂಗ್ ಎಂಬವನು ಹುಲ್ಲು ಕತ್ತರಿಸುವ ಯಂತ್ರವನ್ನು ಕಂಡುಹಿಡಿದ ಮೇಲೆ ಜಮೀನ್ದಾರರ ಸೊತ್ತಾಗಿದ್ದ ಹುಲ್ಲುಹಾಸು ಮಧ್ಯಮ ವರ್ಗದವರ ಅಂಗಳಕ್ಕೂ ಬಂತು. ಅವರೊಂದಿಗೆ ಕಂಟೋನ್ಮೆಂಟಿನ ಬಂಗಲೆಗಳಿಗೆ, ಕ್ಲಬ್ಬುಗಳಿಗೆ, ಜಿಲ್ಲಾಧಿಕಾರಿಗಳ ನಿವಾಸಗಳಿಗೆ ಬಂತು. ಅಲ್ಲಿಂದ ನಮ್ಮ ಬಡಾವಣೆಗಳಿಗೆ.

ಗಮನಿಸಬೇಕಾದ ಸಂಗತಿಯೆಂದರೆ, ಆ ಸಾಹೇಬರ ಹುಲ್ಲುಹಾಸಿನಲ್ಲೂ ಕ್ಲೋವರ್ ಇತ್ತು. ಬೇಡದ ಅತಿಥಿಯಾಗಿ ಅಲ್ಲ, ಮನೆಯ ಸದಸ್ಯನಾಗಿ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಅಮೆರಿಕದಲ್ಲಿ ಹುಲ್ಲುಹಾಸಿಗೆಂದು ಮಾರುತ್ತಿದ್ದ ಬೀಜದ ಮಿಶ್ರಣದಲ್ಲಿ ಬಿಳಿ ಕ್ಲೋವರ್ ಸಾಮಾನ್ಯವಾಗಿತ್ತು. ಕಾರಣ ಸರಳ. ಹುಲ್ಲು ಬಾಡುವ ಬೇಸಗೆಯಲ್ಲೂ ಕ್ಲೋವರ್ ಹಸಿರಾಗಿರುತ್ತಿತ್ತು. ಅದಿದ್ದ ಕಡೆ ಗೊಬ್ಬರದ ಗೊಡವೆ ಕಡಿಮೆ.

ಗೊಬ್ಬರದ ಗುಟ್ಟು ಬಯಲಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ದ್ವಿದಳ ಜಾತಿಯ ಗಿಡಗಳ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಅದರೊಳಗಿನ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ ಎಂಬುದನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ 1886-88ರಲ್ಲಿ ತೋರಿಸಿಕೊಟ್ಟರು. ಗಿಡದ ಎಲೆ ಉದುರಿ, ಬೇರು ಕೊಳೆತಾಗ ಆ ಸಾರ ನೆಲಕ್ಕೆ ಸೇರುತ್ತದೆ; ಪಕ್ಕದ ಹುಲ್ಲಿಗೂ ಪಾಲು ಸಿಗುತ್ತದೆ. ಕ್ಲೋವರ್ ಎಂದರೆ ಹುಲ್ಲುಹಾಸಿನೊಳಗೇ ಇರುವ ಒಂದು ಗೊಬ್ಬರದ ಕಾರ್ಖಾನೆ.

ಈ ಸ್ನೇಹಕ್ಕೆ ಕಲ್ಲು ಬಿದ್ದದ್ದು ಎರಡನೆಯ ಮಹಾಯುದ್ಧದಲ್ಲಿ. ಗಿಡಗಳ ಬೆಳವಣಿಗೆಯನ್ನು ನಿಯಂತ್ರಿಸುವ ರಸಗಳ ಬಗ್ಗೆ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಸಂಶೋಧನೆ ನಡೆಯುತ್ತಿತ್ತು. ಶತ್ರುವಿನ ಬೆಳೆ ನಾಶಮಾಡುವ ಸಾಧ್ಯತೆಯಿದ್ದುದರಿಂದ ಅದನ್ನು ಗುಟ್ಟಾಗಿಡಲಾಯಿತು. ಅದರ ಫಲವೇ 2,4-ಡಿ ಎಂಬ ರಾಸಾಯನಿಕ. ಯುದ್ಧ ಮುಗಿದ ಕೂಡಲೇ, 1945ರ ಹೊತ್ತಿಗೆ, ಅದು ಕಳೆನಾಶಕವಾಗಿ ಪೇಟೆಗೆ ಬಂತು. ಇದರ ಗುಣವೇನೆಂದರೆ, ಅಗಲ ಎಲೆಯ ಗಿಡಗಳು ಅಡ್ಡಾದಿಡ್ಡಿ ಬೆಳೆದು, ಸೊಟ್ಟಗಾಗಿ ಸಾಯುತ್ತವೆ. ಹುಲ್ಲಿನ ಜಾತಿ ಮಾತ್ರ ಉಳಿಯುತ್ತದೆ. ಹುಲ್ಲುಹಾಸಿನ ಒಡೆಯರಿಗೆ ಇದು ವರದಂತೆ ಕಂಡಿತು.

ಆದರೆ ಔಷಧಿಗೆ ಕಣ್ಣಿಲ್ಲ. ಬೇಡದ ಗಿಡ ಯಾವುದು, ಬೇಕೆಂದು ಬಿತ್ತಿದ ಕ್ಲೋವರ್ ಯಾವುದು ಎಂಬ ವಿವೇಚನೆ ಅದಕ್ಕಿಲ್ಲ. ಎಲ್ಲವೂ ಒಟ್ಟಿಗೇ ಸತ್ತವು. ಕ್ಲೋವರನ್ನು ಉಳಿಸುವ ದಾರಿಯಿಲ್ಲದ್ದರಿಂದ ಅದನ್ನು ಬೀಜದ ಮಿಶ್ರಣದಿಂದ ಕೈಬಿಡಲಾಯಿತು. ಕೆಲವೇ ವರ್ಷಗಳಲ್ಲಿ ಅದರ ಹೆಸರು ಕಳೆಗಳ ಪಟ್ಟಿಯಲ್ಲಿತ್ತು. ಅಪ್ಪ ಬೇಕೆಂದು ಬಿತ್ತಿದ ಗಿಡವನ್ನು ಮಗ ದುಡ್ಡು ಕೊಟ್ಟು ಕೊಲ್ಲಿಸಿದ. ಕ್ಲೋವರ್ ಕೊಡುತ್ತಿದ್ದ ಸಾರಜನಕವನ್ನು ಚೀಲದಲ್ಲಿ ಕೊಂಡು ತಂದ. ಗಿಡದ ಗುಣ ಬದಲಾಗಿರಲಿಲ್ಲ. ಅಂಗಡಿಯ ಸರಕು ಬದಲಾಗಿತ್ತು.

ಅಕ್ಕಡಿ ಸಾಲಿನ ಪಾಠ

ಇದೆಲ್ಲ ದೂರದ ಸುದ್ದಿ ಎನ್ನುವ ಹಾಗಿಲ್ಲ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳ ಹೊಲಗಳಲ್ಲಿ ಇದೇ ಕಥೆ ಇನ್ನೂ ಗಂಭೀರವಾಗಿ ನಡೆದಿದೆ. ರಾಗಿಯೂ ಒಂದು ಹುಲ್ಲೇ. ಆ ಹುಲ್ಲಿನ ನಡುವೆ ದ್ವಿದಳ ಗಿಡವನ್ನು ಬೆಳೆಸುವ ವಿದ್ಯೆಯನ್ನು ನಮ್ಮ ರೈತರಿಗೆ ಬಾಬರನೂ ಕಲಿಸಲಿಲ್ಲ, ಸಾಹೇಬರೂ ಕಲಿಸಲಿಲ್ಲ. ಅದರ ಹೆಸರು ಅಕ್ಕಡಿ ಸಾಲು.

ಕೂರಿಗೆಯಲ್ಲಿ ರಾಗಿ ಬಿತ್ತುತ್ತಾ ಹೋಗುವಾಗ ಅದರ ಹಿಂದೆ ಸಡ್ಡೆ ಕಟ್ಟಿ, ಆರೆಂಟು ಸಾಲಿಗೊಂದರಂತೆ ಅವರೆಯನ್ನೋ ತೊಗರಿಯನ್ನೋ ಅಲಸಂದೆಯನ್ನೋ ಬಿಡುತ್ತಿದ್ದರು. ಜೊತೆಗೆ ಹುಚ್ಚೆಳ್ಳು, ಸಾಸಿವೆ, ಹರಳು. ರಾಗಿಯ ಜೊತೆಗೆ ಅವರೆ, ತೊಗರಿಗಳನ್ನು ಸಾಲಾಗಿ ಬಿತ್ತುವ ಈ ಕ್ರಮವನ್ನು ಬುಕಾನನ್ ತನ್ನ ಪ್ರವಾಸದ ವರದಿಯಲ್ಲಿ ಬರೆದಿಟ್ಟಿದ್ದಾನೆ. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲೇ ನಿಂತು, ಮಾಗಿಯ ಇಬ್ಬನಿ ಕುಡಿದು, ಸೊಗಡು ತುಂಬಿಕೊಳ್ಳುತ್ತಿತ್ತು. ಮಳೆ ಕೈಕೊಟ್ಟು ರಾಗಿ ಹೋದರೂ ತೊಗರಿ ಉಳಿಯುತ್ತಿತ್ತು. ವರ್ಷಕ್ಕೆ 500-600 ಮಿಲಿಮೀಟರ್ ಮಳೆಯನ್ನು ನಂಬಿ ಬದುಕುವ ಶಿರಾ, ಪಾವಗಡಗಳಂಥ ಸೀಮೆಯಲ್ಲಿ ಇದು ಅಲಂಕಾರದ ಮಾತಲ್ಲ, ಅನ್ನದ ಮಾತು.

ಇನ್ನು ಹೊಲದ ಕಳೆ. ಎಡೆಕುಂಟೆ ಹೊಡೆದ ಮೇಲೆ ಉಳಿದ ಕಳೆಯನ್ನು ಹೆಂಗಸರು ಕೈಯಿಂದ ಕೀಳುತ್ತಾರೆ. ಕಿತ್ತದ್ದೆಲ್ಲ ಬದುವಿಗೆ ಹೋಗುವುದಿಲ್ಲ, ಮಡಿಲಿಗೂ ಬರುತ್ತದೆ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕೊಮ್ಮೆ ಸೊಪ್ಪು, ಹೊನಗೊನ್ನೆ. ಸಂಜೆ ಬೇಳೆಯ ಜೊತೆ ಬೆಂದು ಮಸ್ಸೊಪ್ಪಾಗಿ ಮುದ್ದೆಯ ಪಕ್ಕ ಕೂರುತ್ತದೆ. ಕಾಸು ಕೊಟ್ಟು ತರಕಾರಿ ಕೊಳ್ಳಲಾಗದ ಮನೆಗಳಿಗೆ ಮಳೆಗಾಲದ ಮೂರು ತಿಂಗಳು ಪುಷ್ಟಿ ಕೊಟ್ಟದ್ದು ಈ ಬೆರಕೆ ಸೊಪ್ಪು. ಕೃಷಿ ಪುಸ್ತಕದಲ್ಲಿ ಇವುಗಳಲ್ಲಿ ಹೆಚ್ಚಿನವು ಕಳೆಗಳ ಅಧ್ಯಾಯದಲ್ಲಿವೆ. ಅಡುಗೆಮನೆಯಲ್ಲಿ ಸೊಪ್ಪಿನ ಸಾಲಿನಲ್ಲಿವೆ. ಕನ್ನಡಕ್ಕೆ ಈ ಇಬ್ಬಂದಿತನ ಹೊಸದೇನಲ್ಲ. ಹೊಲದಲ್ಲಿ ಕಳೆ ಎಂದರೆ ಬೇಡದ್ದು. ಮುಖದಲ್ಲಿ ಕಳೆ ಎಂದರೆ ಕಾಂತಿ.

ಯುದ್ಧದಿಂದ ಹೊರಬಂದ ಅದೇ 2,4-ಡಿ ಈಗ ರಾಗಿಯ ಹೊಲಕ್ಕೂ ಶಿಫಾರಸಾಗಿರುವ ಕಳೆನಾಶಕ. ರಾಗಿ ಹುಲ್ಲಿನ ಜಾತಿಯಾದ್ದರಿಂದ ಅದಕ್ಕೆ ಅಪಾಯವಿಲ್ಲ. ಆದರೆ ಅಕ್ಕಡಿ ಸಾಲಿನ ಅವರೆ, ತೊಗರಿ ಅಗಲ ಎಲೆಯವು. ಅಣ್ಣೆ ಸೊಪ್ಪೂ ಅಗಲ ಎಲೆಯದೇ. ಔಷಧಿ ಹೊಡೆಯಬೇಕೆಂದರೆ ಹೊಲದಲ್ಲಿ ರಾಗಿಯೊಂದೇ ಇರಬೇಕು. ಅಮೆರಿಕದ ಅಂಗಳದಲ್ಲಿ ಕ್ಲೋವರಿಗೆ ಆದದ್ದೇ ನಮ್ಮ ಹೊಲದಲ್ಲಿ ಅಕ್ಕಡಿಗೆ ಆಗುತ್ತದೆ.

ಹಾಗೆಂದು ರೈತನನ್ನು ದೂರುವುದು ಅನ್ಯಾಯ. ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಟ್ಟು ಪೂರೈಸುವುದಿಲ್ಲ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಬಿಸಿಲಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕುಳಿತು ಕಳೆ ಕಿತ್ತ ಹೆಣ್ಣುಮಕ್ಕಳ ಸೊಂಟದ ನೋವನ್ನು ಮರೆತು ಹಳೆಯದನ್ನೆಲ್ಲ ಹಾಡಿ ಹೊಗಳುವುದು ಪಟ್ಟಣದಲ್ಲಿ ಕುಳಿತವರಿಗೆ ಸುಲಭ. ಆದರೆ ಏನನ್ನು ಕೊಟ್ಟು ಏನನ್ನು ಕೊಳ್ಳುತ್ತಿದ್ದೇವೆ ಎಂಬ ಲೆಕ್ಕ ನಮಗೆ ತಿಳಿದಿರಬೇಕು. ಈ ಸೀಮೆಯ ಹಣದ ಬೆಳೆಯಾದ ಕಡ್ಲೆಕಾಯಿ ಕೂಡ ಬೇರಿನಲ್ಲಿ ಗಂಟು ಕಟ್ಟುವ ಜಾತಿಯೇ. ಕಡ್ಲೆಯ ನಂತರ ರಾಗಿ ಹಾಕಿದರೆ ಚೆನ್ನಾಗಿ ಬರುತ್ತದೆಂದು ಪಾವಗಡದ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಲ್ಲ ಕಳೆಯೂ ಒಂದಲ್ಲ

ಕಳೆಯೆಂಬುದೆಲ್ಲ ಮನುಷ್ಯನ ಕಲ್ಪನೆ ಎಂದು ಹೇಳಿ ಮುಗಿಸಿದರೆ ಅದೂ ಅರ್ಧಸತ್ಯ. ಪಾರ್ಥೇನಿಯಂ ನೋಡಿ. 1955ರ ಸುಮಾರಿನಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಅಮೆರಿಕ ಮೂಲದ ಗಿಡ ಎರಡು ದಶಕದೊಳಗೆ ಕರ್ನಾಟಕವನ್ನೆಲ್ಲ ಆವರಿಸಿತು. ನಮ್ಮ ಜನ ಅದಕ್ಕೆ ಕಾಂಗ್ರೆಸ್ ಗಿಡವೆಂದು ಹೆಸರಿಟ್ಟರು. ದನ ಮುಟ್ಟುವುದಿಲ್ಲ, ಮುಟ್ಟಿದ ಮನುಷ್ಯನಿಗೆ ತುರಿಕೆ, ಉಸಿರಾಟದ ತೊಂದರೆ. ಇದನ್ನು ಹತೋಟಿಗೆ ತರಲು ಮೆಕ್ಸಿಕೋದಿಂದ ಒಂದು ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಬೇಕಾಯಿತು. ಇಂಥ ಗಿಡಕ್ಕೆ ದಯೆ ತೋರಿಸಬೇಕಾಗಿಲ್ಲ. ಕೆಲವು ಕಳೆ ನಿಜವಾಗಿಯೂ ಕಳೆಯೇ. ಯಾವುದು ಯಾವುದೆಂದು ತಿಳಿಯುವುದಕ್ಕೆ ಬಗ್ಗಿ ನೋಡಬೇಕು, ಅಷ್ಟೆ.

ಮಿತ್ರರ ಹುಲ್ಲುಹಾಸಿಗೆ ಮರಳೋಣ. ನಾವಿಬ್ಬರೂ ಬಗ್ಗಿ ನೋಡಿದೆವು. ಅಲ್ಲಿದ್ದದ್ದು ಒಂದು ಗಿಡವಲ್ಲ, ಎರಡು. ಒಂದರ ಎಲೆ ಹೃದಯದ ಆಕಾರ, ಹೂ ಹಳದಿ, ಬಾಯಿಗೆ ಹಾಕಿದರೆ ಹುಳಿ. ಅದು ಪುಲ್ಲಂಪುರಚಿ ಸೊಪ್ಪು. ಕ್ಲೋವರಿನಂತೆ ಕಂಡರೂ ಅದು ದ್ವಿದಳ ಜಾತಿಯದಲ್ಲ, ಬೇರಿನಲ್ಲಿ ಗಂಟಿಲ್ಲ. ಕಾಯಿ ಬಲಿತರೆ ಸಿಡಿದು ಬೀಜ ದೂರ ಹಾರುತ್ತದೆ. ಬೇಡವೆಂದಾದರೆ ಮಳೆ ಬಂದು ನೆಲ ಮೆದುವಾದ ದಿನ, ಕಾಯಿ ಬಲಿಯುವ ಮೊದಲು, ಬೇರು ಸಮೇತ ಕಿತ್ತರಾಯಿತು. ಒಂದೆರಡು ಮಳೆಗಾಲ ಬಿಡದೆ ಕಿತ್ತರೆ ಹತೋಟಿಗೆ ಬರುತ್ತದೆ. ಇನ್ನೊಂದರ ಎಲೆ ಇನ್ನೂ ಚಿಕ್ಕದು, ಹೂ ನಸು ನೇರಳೆ, ಕಾಯಿ ಚಪ್ಪಟೆಯಾಗಿ ಗಿಣ್ಣು ಗಿಣ್ಣಾಗಿತ್ತು. ಅದು ಕಾಡುಮೆಂತ್ಯ. ಮೆಲ್ಲನೆ ಕಿತ್ತು ಮಣ್ಣು ಕೊಡವಿದಾಗ ಬೇರಿನಲ್ಲಿ ಸಾಸಿವೆಯಂಥ ಗಂಟುಗಳು ಕಂಡವು. ಬಾಬರನ ತೋಟದಲ್ಲಿ ಕ್ಲೋವರ್ ಮಾಡುತ್ತಿದ್ದ ಕೆಲಸವನ್ನು ಶಿರಾದ ಬಿಸಿಲಿನಲ್ಲಿ ಮಾಡುವ ಗಿಡ ಇದು.

ಹುಲ್ಲನ್ನು ತೀರಾ ಬುಡಕ್ಕೆ ಕತ್ತರಿಸುವುದೂ ಇಂಥ ಗಿಡಗಳಿಗೆ ಆಹ್ವಾನ. ನೆಲಕ್ಕೆ ಬಿಸಿಲು ಬಿದ್ದಷ್ಟೂ ಅವು ಹಬ್ಬುತ್ತವೆ. ಎರಡು ಮೂರು ಅಂಗುಲ ಎತ್ತರ ಬಿಟ್ಟು ಕತ್ತರಿಸಿದರೆ, ಬೋಳಾದ ಜಾಗಕ್ಕೆ ಗರಿಕೆಯ ತುಂಡು ನೆಟ್ಟರೆ ಹುಲ್ಲು ತನ್ನ ಜಾಗವನ್ನು ತಾನೇ ಕಾಯ್ದುಕೊಳ್ಳುತ್ತದೆ. ಗಣಪತಿಗೆ ಏರಿಸುವ ನಮ್ಮ ಗರಿಕೆಗಿಂತ ಬಿಸಿಲು ತಡೆಯುವ ಹುಲ್ಲು ಇಲ್ಲ.

ಯುರೋಪು, ಅಮೆರಿಕಗಳಲ್ಲಿ ಈಗ ನೀರು, ಗೊಬ್ಬರಗಳ ಖರ್ಚಿಗೆ ಹೆದರಿದ ಕೆಲವರು ಹುಲ್ಲುಹಾಸಿನಲ್ಲಿ ಮತ್ತೆ ಕ್ಲೋವರ್ ಬಿತ್ತತೊಡಗಿದ್ದಾರೆ. ಅಜ್ಜ ಬಿತ್ತಿದ್ದನ್ನು, ಮಗ ಕೊಂದದ್ದನ್ನು ಮೊಮ್ಮಗ ಅಂಗಡಿಯಿಂದ ತರುತ್ತಿದ್ದಾನೆ. ಅಂಗಳದಲ್ಲಿ ಹೀಗೆ ತಪ್ಪಿ ತಿದ್ದಿಕೊಳ್ಳಬಹುದು. ಹೊಲದಲ್ಲಿ ಅದು ಅಷ್ಟು ಸುಲಭವಲ್ಲ. ಅಕ್ಕಡಿಗೆ ಬೇಕಾದ ನಾಟಿ ಅವರೆಯ ಬೀಜ ಒಮ್ಮೆ ಮನೆಯ ಮಡಕೆಯಿಂದ ಹೋದರೆ, ಯಾವ ಸೊಪ್ಪನ್ನು ತಿನ್ನಬಹುದೆಂಬ ತಿಳಿವಳಿಕೆ ಒಮ್ಮೆ ಅಜ್ಜಿಯೊಂದಿಗೆ ಹೋದರೆ, ಅದನ್ನು ಕೊಳ್ಳಲು ಅಂಗಡಿಯಿಲ್ಲ.

ನನ್ನ ಮಿತ್ರರು ಔಷಧಿ ತರಲಿಲ್ಲ. ಪುಲ್ಲಂಪುರಚಿಯನ್ನು ಅವರೇ ಕೂತು ಕಿತ್ತರು. ಅವರ ತಾಯಿ ಅದರಲ್ಲೇ ಎಳೆಯದನ್ನು ಆಯ್ದು ಒಂದು ಹಿಡಿ ಒಳಗೆ ತೆಗೆದುಕೊಂಡು ಹೋದರು, ತಂಬುಳಿಗೆ. ಕಾಡುಮೆಂತ್ಯ ಹುಲ್ಲಿನ ನಡುವೆ ಹಾಗೇ ಉಳಿದಿದೆ.